ಆಸಿಡ್ ಇಡಬೇಡಿ ಅಂದಿಲ್ಲ ಕಾನೂನು, ಲೆಕ್ಕ ಇಡಿ ಅಂದಿದೆ

ಸಂಪಾದಕರಿಗೆ ನಮಸ್ಕಾರ.

ನಾನು ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ಹದಿನಾಲ್ಕು ವರ್ಷ ಆಯಿತು. ಈ ಪತ್ರ ಬರೆಯುತ್ತಿರುವುದು ಅರ್ಧ ಲೀಟರ್ ಹೈಡ್ರೋಕ್ಲೋರಿಕ್ ಆಸಿಡ್ ಬಗ್ಗೆ. ಚಿಕ್ಕ ವಿಷಯ ಅನ್ನಿಸಬಹುದು. ಆದರೆ ನನ್ನ ಹತ್ತನೇ ತರಗತಿಯ 62 ಮಕ್ಕಳು ಆಮ್ಲ ಅಂದರೆ ಏನು ಅಂತ ನೋಡಿ ಕಲಿಯುತ್ತಾರೋ ಕರಿಹಲಗೆ ನೋಡಿ ಬಾಯಿಪಾಠ ಮಾಡುತ್ತಾರೋ ಅನ್ನುವುದು ಆ ಅರ್ಧ ಲೀಟರ್ ಮೇಲೆ ನಿಂತಿದೆ. ಹಾಗಾಗಿ ಸ್ವಲ್ಪ ಉದ್ದ ಆದರೂ ಓದಿ.

ಈ ವರ್ಷ ಶಾಲೆ ಶುರುವಾದ ಮೇಲೆ ಪ್ರಯೋಗಾಲಯದ ಸಾಮಾನು ತರಲು ಒಂದು ಸಿಎಲ್ ಹಾಕಿ ಬಳ್ಳಾರಿಗೆ ಹೋಗಿದ್ದೆ. ಮುಖ್ಯೋಪಾಧ್ಯಾಯರ ಪತ್ರ ಇತ್ತು, ಶಾಲೆಯ ಸೀಲು ಇತ್ತು, ನನ್ನ ಆಧಾರ್ ಜೆರಾಕ್ಸ್ ಇತ್ತು. ಮೊದಲನೇ ಅಂಗಡಿಯವರು ಪ್ರನಾಳ, ಬೀಕರ್, ಲಿಟ್ಮಸ್, ಮೆಗ್ನೀಸಿಯಂ ಪಟ್ಟಿ ಎಲ್ಲ ಕಟ್ಟಿಕೊಟ್ಟರು. ಆಸಿಡ್ ಅಂದ ಕೂಡಲೇ ಚೀಟಿ ವಾಪಸ್ ಕೊಟ್ಟರು. "ನಾವು ಆಸಿಡ್ ಇಡೋದೇ ಬಿಟ್ಟೀವಿ ಮೇಡಂ. ಸ್ಟಾಕ್ ಲೆಕ್ಕ ಕೊಟ್ಟು ಕೊಟ್ಟು ಸಾಕಾಗೇತಿ" ಅಂದರು. ಎರಡನೇ ಕಡೆ ಇತ್ತು. ಅವರು ರಿಜಿಸ್ಟರ್‌ನಲ್ಲಿ ಹೆಸರು, ವಿಳಾಸ, ಕಾರಣ ಎಲ್ಲ ಬರೆಸಿಕೊಂಡು ಕೊಡಲು ಒಪ್ಪಿದರು, ಆದರೆ ಹೇಗೆ ಒಯ್ಯುತ್ತೀರಿ ಅಂತ ಕೇಳಿದರು. ಬಸ್ಸಿನಲ್ಲಿ ಅಂದೆ. ಅವರು ತಲೆ ಅಲ್ಲಾಡಿಸಿದರು. ಅವರು ಹೇಳಿದ್ದು ಸರಿಯೇ ಇತ್ತು. ಗಾಜಿನ ಬಾಟಲಿಯಲ್ಲಿ ಗಟ್ಟಿ ಆಸಿಡ್ ಹಿಡಿದುಕೊಂಡು, ಮಕ್ಕಳು ಮರಿ ತುಂಬಿದ ಬಸ್ಸಿನಲ್ಲಿ ನಾಲ್ಕು ತಾಸು ಕೂರುವುದು ಯಾರಿಗೂ ಒಳ್ಳೆಯದಲ್ಲ. ಕೊರಿಯರ್‌ನವರೂ ಮುಟ್ಟುವುದಿಲ್ಲ. ಬರಿಗೈಲಿ ಬಂದೆ ಅನ್ನಲಾರೆ, ಆದರೆ ಯಾವುದಕ್ಕೆ ಹೋಗಿದ್ದೆನೋ ಅದು ಬರಲಿಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮರುದಿನ ನಮ್ಮೂರ ಸಂತೆಯಲ್ಲಿ ಸೈಕಲ್ ಮೇಲೆ ಒಬ್ಬರು ಫಿನಾಯಿಲ್ ಜೊತೆಗೆ ಬಚ್ಚಲು ತೊಳೆಯುವ ಆಸಿಡ್ ಮಾರುತ್ತಿದ್ದರು. ಹಳೇ ನೀರಿನ ಬಾಟಲಿಗಳಲ್ಲಿ ತುಂಬಿದ್ದು. ಲೇಬಲ್ ಇಲ್ಲ, ಎಷ್ಟು ಗಟ್ಟಿ ಅಂತ ಬರೆದಿಲ್ಲ, ಯಾರಿಗೆ ಕೊಟ್ಟೆ ಅನ್ನುವ ಲೆಕ್ಕ ಇಲ್ಲ. ಹತ್ತು ಹನ್ನೆರಡು ವರ್ಷದ ಹುಡುಗನೊಬ್ಬ ದುಡ್ಡು ಕೊಟ್ಟು ತಗೊಂಡು ಹೋದ. ನನಗೆ ಆ ದಿನ ಬಹಳ ಬೇಸರ ಆಯಿತು. ಬಡ ಮನುಷ್ಯ, ಹೊಟ್ಟೆಪಾಡಿಗೆ ಮಾರುತ್ತಾನೆ, ಅವನ ಮೇಲೆ ಸಿಟ್ಟಿಲ್ಲ. ಆದರೆ ಲೆಕ್ಕ ಇಟ್ಟು ತರುತ್ತೇನೆ ಅನ್ನುವ ಶಾಲೆಗೆ ಸಿಗದ ವಸ್ತು ಲೆಕ್ಕವೇ ಇಲ್ಲದೆ ಮಗುವಿನ ಕೈಗೆ ಹೋಗುತ್ತಿದೆ.

ಕಾನೂನು ಬೇಡ ಅಂತ ನಾನು ಹೇಳುತ್ತಿಲ್ಲ. ಖಂಡಿತ ಬೇಕು. ನಾನೂ ಹೆಣ್ಣುಮಗಳು, ನನ್ನ ತರಗತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಣ್ಣುಮಕ್ಕಳೇ. ಆಸಿಡ್ ದಾಳಿಗೆ ಒಳಗಾದ ಲಕ್ಷ್ಮಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈ 18ರಂದು ಕೊಟ್ಟ ಆದೇಶವನ್ನು ಬಿಡುವಿದ್ದಾಗ ಕೂತು ಓದಿದ್ದೇನೆ. ಅದರಲ್ಲಿ ಇರುವುದು ಇಷ್ಟು. ಮಾರುವವರು ರಿಜಿಸ್ಟರ್ ಇಡಬೇಕು, ಕೊಳ್ಳುವವರು ಸರ್ಕಾರಿ ಗುರುತಿನ ಚೀಟಿ ತೋರಿಸಿ ಕಾರಣ ಹೇಳಬೇಕು, 18 ವರ್ಷದ ಒಳಗಿನವರಿಗೆ ಕೊಡುವಂತಿಲ್ಲ, ಅಂಗಡಿಯವರು ಇದ್ದ ಸ್ಟಾಕನ್ನು 15 ದಿನದೊಳಗೆ ಉಪವಿಭಾಗಾಧಿಕಾರಿಗೆ ತಿಳಿಸಬೇಕು, ತಪ್ಪಿದರೆ 50,000 ರೂಪಾಯಿವರೆಗೆ ದಂಡ. ಶಾಲೆ, ಕಾಲೇಜು, ಆಸ್ಪತ್ರೆ, ಪ್ರಯೋಗಾಲಯಗಳ ಬಗ್ಗೆ ಬೇರೆಯೇ ಮಾತಿದೆ. ಅವು ಆಸಿಡ್ ಇಟ್ಟುಕೊಳ್ಳಬಹುದು. ಬಳಸಿದ್ದರ ಲೆಕ್ಕ ಬರೆದು ಉಪವಿಭಾಗಾಧಿಕಾರಿಗೆ ಕೊಡಬೇಕು, ಕಾಯಲು ಒಬ್ಬರನ್ನು ಜವಾಬ್ದಾರಿ ಮಾಡಬೇಕು, ಪ್ರಯೋಗಾಲಯದಿಂದ ಹೊರಗೆ ಹೋಗುವವರನ್ನು ತಪಾಸಣೆ ಮಾಡಬೇಕು. ಅಷ್ಟೇ. ಶಾಲೆಯಲ್ಲಿ ಆಸಿಡ್ ಇರಬಾರದು ಅಂತ ಎಲ್ಲೂ ಇಲ್ಲ.

ಆದರೆ ನಮ್ಮ ಕಡೆ ಆಗಿರುವುದು ಏನು? ಲೆಕ್ಕ ಬರೆಯುವುದು ಯಾರು, ನಾಳೆ ಏನಾದರೂ ಆದರೆ ಹೊಣೆ ಯಾರು ಅನ್ನುವ ಹೆದರಿಕೆಗೆ ಸುಮ್ನೆ ತರುವುದನ್ನೇ ನಿಲ್ಲಿಸಿದ್ದೇವೆ. ಅಂಗಡಿಯವರು ನಿಲ್ಲಿಸಿದರು, ಶಾಲೆಗಳೂ ನಿಲ್ಲಿಸಿದವು. ಮೀಟಿಂಗ್‌ನಲ್ಲಿ ಸಿಗುವ ಬೇರೆ ಶಾಲೆಯ ವಿಜ್ಞಾನ ಶಿಕ್ಷಕರನ್ನು ಕೇಳಿದಾಗ ಹೆಚ್ಚಿನವರು ಹೇಳಿದ್ದು ಒಂದೇ ಮಾತು, "ನಾವು ವಿಡಿಯೋ ತೋರಸ್ತೀವಿ." ವಿಡಿಯೋ ತೋರಿಸುವುದು ತಪ್ಪಲ್ಲ. ಆದರೆ ಪ್ರನಾಳದ ಬಾಯಿಗೆ ಕಡ್ಡಿ ಹಿಡಿದಾಗ ಜಲಜನಕ 'ಟಪ್' ಅನ್ನುವ ಸದ್ದಿಗೆ ಮಕ್ಕಳು ಹಿಂದಕ್ಕೆ ಜಿಗಿದು ಮತ್ತೆ ಮುಂದಕ್ಕೆ ಬಂದು ಇನ್ನೊಮ್ಮೆ ಮಾಡಿ ಅಕ್ಕೋರೆ ಅನ್ನುತ್ತಾರಲ್ಲ, ಅದು ವಿಡಿಯೋದಿಂದ ಬರುವುದಿಲ್ಲ.

ಈಗ ಒಂದು ಲೆಕ್ಕ ಹೇಳುತ್ತೇನೆ, ದಯವಿಟ್ಟು ನೋಡಿ. 62 ಮಕ್ಕಳು ಅಂದರೆ ಹತ್ತು ಗುಂಪು. ಒಂದು ಗುಂಪಿಗೆ ಒಂದು ಸಲಕ್ಕೆ 5 ಮಿಲಿ ತೆಳು ಆಸಿಡ್ ಸಾಕು. ಅಲ್ಲಿಗೆ ಒಂದು ಚಟುವಟಿಕೆಗೆ 50 ಮಿಲಿ. ಮೊದಲನೇ ಎರಡು ಪಾಠ ಸೇರಿ ಎಂಟು ಚಟುವಟಿಕೆ ಅಂತ ಹಿಡಿಯೋಣ, 400 ಮಿಲಿ. ಚೆಲ್ಲಿದ್ದು, ಕೆಟ್ಟಿದ್ದು ಸೇರಿಸಿದರೂ ಅರ್ಧ ಲೀಟರ್. ಅಂಗಡಿಯಲ್ಲಿ ಸಿಗುವ ಗಟ್ಟಿ ಹೈಡ್ರೋಕ್ಲೋರಿಕ್ ಆಸಿಡ್ ಸುಮಾರು 12 ಮೋಲಾರ್ (ಮೋಲಾರ್ ಅಂದರೆ ದ್ರಾವಣ ಎಷ್ಟು ಗಟ್ಟಿ ಅನ್ನುವ ಅಳತೆ). ನಮಗೆ ಬೇಕಿರುವುದು 2 ಮೋಲಾರ್. ಅಂದರೆ ಒಂದು ಪಾಲು ಆಸಿಡ್‌ಗೆ ಐದು ಪಾಲು ನೀರು. ಅರ್ಧ ಲೀಟರ್ ತೆಳು ಆಸಿಡ್ ಮಾಡಲು ಬೇಕಾಗುವ ಗಟ್ಟಿ ಆಸಿಡ್ 85 ಮಿಲಿ, ಚಹಾದ ಸಣ್ಣ ಲೋಟದಷ್ಟು. ಒಂದು ಶಾಲೆಗೆ ಒಂದು ವರ್ಷಕ್ಕೆ ಇಷ್ಟೇ! ಆದರೆ ಅಂಗಡಿಯಲ್ಲಿ ಕೊಡುವುದು 500 ಮಿಲಿ ಬಾಟಲಿ. 85 ಬಳಸುತ್ತೇವೆ, ಉಳಿದ 400 ಮಿಲಿ ಅಲ್ಮೇರಾದಲ್ಲಿ ವರ್ಷಗಟ್ಟಲೆ ಕೂರುತ್ತದೆ. ನಿಜವಾದ ಅಪಾಯ ಆ ಉಳಿದ 400 ಮಿಲಿಯಲ್ಲಿದೆ. ಕಳ್ಳತನ ಆದರೆ ಅದು, ಒಡೆದರೆ ಅದು, ಲೆಕ್ಕ ತಪ್ಪಿದರೆ ಅದು.

ಹಾಗಾಗಿ ನಾನು ಕೇಳುವುದು ಇದು. ಹಳ್ಳಿಯ ಪ್ರೌಢಶಾಲೆಗೆ ಗಟ್ಟಿ ಆಸಿಡ್ ಬರುವುದೇ ಬೇಡ. ಪ್ರತಿ ತಾಲ್ಲೂಕಿನ ಊರಲ್ಲಿ ಒಂದಾದರೂ ಸರ್ಕಾರಿ ಪದವಿಪೂರ್ವ ಕಾಲೇಜಿದೆ. ವಿಜ್ಞಾನ ವಿಭಾಗ ಇರುವ ಕಡೆ ರಸಾಯನಶಾಸ್ತ್ರದ ಲ್ಯಾಬ್ ಇದೆ, ಆಸಿಡ್ ಮುಟ್ಟಿ ಗೊತ್ತಿರುವ ಉಪನ್ಯಾಸಕರು ಇದ್ದಾರೆ. ತಾಲ್ಲೂಕಿಗೆಲ್ಲ ಬೇಕಾದ ಆಸಿಡ್ ಅಲ್ಲಿಗೇ ಬರಲಿ. ಅವರು ನೀರಿಗೆ ಆಸಿಡ್ ಹಾಕಿ (ಆಸಿಡ್‌ಗೆ ನೀರಲ್ಲ, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ) ತೆಳು ಮಾಡಿ, ಅರ್ಧರ್ಧ ಲೀಟರ್ ಪ್ಲಾಸ್ಟಿಕ್ ಬಾಟಲಿಗೆ ತುಂಬಿ, ಹೆಸರು, ತೀವ್ರತೆ, ತಾರೀಖು ಬರೆದ ಚೀಟಿ ಅಂಟಿಸಿ ನಮಗೆ ಕೊಡಲಿ. ನಾವು ಸಹಿ ಹಾಕಿ ಒಯ್ಯುತ್ತೇವೆ, ಖಾಲಿ ಬಾಟಲಿ ತಂದು ಕೊಟ್ಟು ಮುಂದಿನದು ಕೇಳುತ್ತೇವೆ. ತಾಲ್ಲೂಕಿನಲ್ಲಿ 30 ಪ್ರೌಢಶಾಲೆ ಇವೆ ಅಂದುಕೊಂಡರೂ ವರ್ಷಕ್ಕೆ ಎರಡೂವರೆ ಲೀಟರ್ ಗಟ್ಟಿ ಆಸಿಡ್ ಸಾಕು. ಉಪವಿಭಾಗಾಧಿಕಾರಿಗಳಿಗೆ ಮೂವತ್ತು ಕಡೆಯಿಂದ ಬರದ ಲೆಕ್ಕದ ಬದಲು ಒಂದು ಕಡೆಯಿಂದ ಸರಿಯಾದ ಲೆಕ್ಕ ಬರುತ್ತದೆ. 2 ಮೋಲಾರ್ ಅಂದರೆ ಸುಮಾರು 7 ಪರ್ಸೆಂಟ್. ಮನೆಮನೆಯಲ್ಲೂ ಇರುವ ಹಾರ್ಪಿಕ್‌ನಲ್ಲೇ ಸುಮಾರು 10 ಪರ್ಸೆಂಟ್ ಹೈಡ್ರೋಕ್ಲೋರಿಕ್ ಆಸಿಡ್ ಇದೆ, ಬಾಟಲಿ ಮೇಲೆ ಬರೆದಿರುತ್ತದೆ ನೋಡಿ.

ಹಾಗಾದರೆ ಹಾರ್ಪಿಕ್ಕನ್ನೇ ಬಳಸಬಾರದಾ ಅಂತ ಒಬ್ಬರು ಕೇಳಿದರು. ಒಮ್ಮೆ ನೋಡಿದ್ದೇನೆ. ಅದು ಮಂದವಾಗಿರುತ್ತದೆ, ನೀಲಿ ಬಣ್ಣ ಇರುತ್ತದೆ, ಸೋಪಿನ ಅಂಶದಿಂದ ನೊರೆ ಬರುತ್ತದೆ. ಗಾಳಿಗುಳ್ಳೆ ಬಂದದ್ದು ಲೋಹದಿಂದಲೋ ಸೋಪಿನಿಂದಲೋ ಅಂತ ಮಕ್ಕಳಿಗೆ ಗೊಂದಲ. ಲಿಟ್ಮಸ್ ಬಣ್ಣವೂ ಸರಿಯಾಗಿ ಕಾಣುವುದಿಲ್ಲ. ಅದಕ್ಕಿಂತ ಮುಖ್ಯ, ಯಾರಾದರೂ ಮಗು ಮನೆಗೆ ಹೋಗಿ ಅದನ್ನು ಬ್ಲೀಚಿಂಗ್ ಪೌಡರ್ ಜೊತೆ ಸೇರಿಸಿ ನೋಡಿದರೆ ಕ್ಲೋರಿನ್ ವಿಷದ ಗಾಳಿ ಬರುತ್ತದೆ. ಬೇಡವೇ ಬೇಡ.

ಬದಲಿ ವಸ್ತು ಅಂದರೆ ಹೀಗೆ ಕೈಗೆ ಸಿಕ್ಕಿದ್ದಲ್ಲ, ಯೋಚನೆ ಮಾಡಿ ಆರಿಸಿದ್ದಾಗಬೇಕು. ಆಸಿಡ್ ಸಿಗದೆ ಬಂದ ಆ ವಾರದಿಂದ ನಾನು ಇದರ ಹಿಂದೆ ಬಿದ್ದಿದ್ದೇನೆ. ಕಿರಾಣಿ ಅಂಗಡಿಯ ನಿಂಬೆ ಉಪ್ಪು ತಂದೆ, ಅದು ಸಿಟ್ರಿಕ್ ಆಮ್ಲ. ಎರಡು ಚಮಚ ಸ್ವಲ್ಪ ಬಿಸಿ ನೀರಲ್ಲಿ ಕರಗಿಸಿ ಮೆಗ್ನೀಸಿಯಂ ಪಟ್ಟಿ ಚೂರು ಹಾಕಿದರೆ ಬುಳುಬುಳು ಗುಳ್ಳೆ ಬರುತ್ತದೆ. ಕಡ್ಡಿ ಹಿಡಿದರೆ 'ಟಪ್' ಅನ್ನುವ ಸದ್ದೂ ಬರುತ್ತದೆ. ಸತುವಿನ ಜೊತೆ ಮಾತ್ರ ಬಹಳ ನಿಧಾನ, ಪೀರಿಯಡ್ ಮುಗಿದರೂ ಸದ್ದಿಲ್ಲ. ಮೆಗ್ನೀಸಿಯಂ ಇದ್ದರೆ ಸಾಕು. ತಿಳಿ ಸುಣ್ಣದ ನೀರಿಗೆ ಎಲೆ ಅಡಿಕೆ ಸುಣ್ಣವೇ ಆಗುತ್ತದೆ. ರಾತ್ರಿ ಒಂದು ಚಮಚ ಸುಣ್ಣ ಒಂದು ಲೀಟರ್ ನೀರಿಗೆ ಹಾಕಿ ಕಲಕಿ ಬಿಟ್ಟರೆ ಬೆಳಿಗ್ಗೆ ಮೇಲಿನ ತಿಳಿ ನೀರು ಬಸಿದುಕೊಳ್ಳಬಹುದು. ಅರಿಶಿನದ ಕಾಗದ, ದಾಸವಾಳದ ರಸ, ಕಾಲ ಬಂದಾಗ ನೇರಳೆ ಹಣ್ಣು, ಇವೆಲ್ಲ ಆಮ್ಲವೋ ಪ್ರತ್ಯಾಮ್ಲವೋ ಅಂತ ಬಣ್ಣದಿಂದ ತೋರಿಸುವ ಸೂಚಕಗಳಾಗಿ ಎಲ್ಲರಿಗೂ ಗೊತ್ತೇ ಇವೆ. ಅಮೋನಿಯಾಕ್ಕೆ ಕಲಾಯಿ ಹಾಕುವವರ ನವಸಾಗರ ಒಂದು ಚಿಟಿಕೆ, ಸುಣ್ಣ ಒಂದು ಚಿಟಿಕೆ, ಎರಡು ಹನಿ ನೀರು. ವಾಸನೆ ಮೂಗಿಗೆ ಹೊಡೆಯುತ್ತದೆ, ಒದ್ದೆ ಅರಿಶಿನದ ಕಾಗದ ಮೇಲೆ ಹಿಡಿದರೆ ಕೆಂಪಾಗುತ್ತದೆ. ಕಿಟಕಿ ತೆರೆದಿರಬೇಕು, ಚಿಟಿಕೆಗಿಂತ ಜಾಸ್ತಿ ಹಾಕಬಾರದು.

ಇದರಲ್ಲಿ ನನ್ನ ಕಣ್ಣು ತೆರೆಸಿದ್ದು ಮೈಲುತುತ್ತ. ಕಾಪರ್ ಸಲ್ಫೇಟ್ ಅಂತ ಕರಿಹಲಗೆ ಮೇಲೆ ಬರೆದಾಗ ಮಕ್ಕಳು ಸುಮ್ಮನೆ ಇದ್ದರು. ಗೊಬ್ಬರದ ಅಂಗಡಿಯಿಂದ ತಂದ ನೀಲಿ ಹರಳು ತೋರಿಸಿದ ಕೂಡಲೇ ಹಿಂದಿನ ಬೆಂಚಿನ ಹುಡುಗ ಎದ್ದು, "ಅಕ್ಕೋರೆ, ಇದು ನಮ್ಮಪ್ಪ ದಾಳಿಂಬ್ರಿ ಗಿಡಕ್ಕ ಹೊಡಿಯೋ ಮೈಲುತುತ್ತ ಐತ್ರಿ" ಅಂದ. ನಮ್ಮ ತಾಲ್ಲೂಕಿನಲ್ಲಿ ದಾಳಿಂಬೆ ತೋಟ ಬಹಳ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು, ಇದು ಬೋರ್ಡೋ ದ್ರಾವಣ. ಅದು ಸರಿಯಾಗಿದೆಯಾ ಅಂತ ನಿಮ್ಮಪ್ಪ ಹೇಗೆ ನೋಡುತ್ತಾರೆ ಅಂತ ಕೇಳಿದೆ. "ಕುಡುಗೋಲು ಅದ್ದಿ ನೋಡ್ತಾರ್ರಿ. ಕೆಂಪಗಾದ್ರ ಇನ್ನೂ ಸುಣ್ಣ ಹಾಕ್ತಾರ." ನನಗೆ ಮೈ ಜುಮ್ಮೆಂದಿತು. ಪಠ್ಯದಲ್ಲಿ ಕಬ್ಬಿಣದ ಮೊಳೆಯನ್ನು ಕಾಪರ್ ಸಲ್ಫೇಟ್ ದ್ರಾವಣದಲ್ಲಿ ಅದ್ದಿ ತಾಮ್ರ ಕೂರುವುದನ್ನು ನೋಡಿ ಅಂತ ಇರುವುದು ಇದೇ ಅಲ್ವಾ? ಸುಣ್ಣ ಕಡಿಮೆ ಇದ್ದರೆ ನೀರಲ್ಲಿ ತಾಮ್ರ ಉಳಿದಿರುತ್ತದೆ, ಕಬ್ಬಿಣ ಅದನ್ನು ಸ್ಥಾನಪಲ್ಲಟ ಮಾಡುತ್ತದೆ, ಕುಡುಗೋಲು ಕೆಂಪಾಗುತ್ತದೆ. ಆ ಹುಡುಗನ ಮನೆಯಲ್ಲಿ ಈ ಪ್ರಯೋಗ ಪ್ರತಿ ಸಿಂಪಡಣೆಗೂ ನಡೆಯುತ್ತಿತ್ತು. ವಿಜ್ಞಾನದಲ್ಲಿ ಯಾವಾಗಲೂ ಕಡಿಮೆ ಅಂಕ ತೆಗೆಯುವ ಹುಡುಗ ಅವನು. ಆ ದಿನ ಇಡೀ ಪೀರಿಯಡ್ ಅವನೇ ಮಾತಾಡಿದ.

ಅದೇ ಮೈಲುತುತ್ತ ಇನ್ನೊಂದು ದೊಡ್ಡ ತಲೆನೋವನ್ನೂ ತಪ್ಪಿಸಿತು. ಪಠ್ಯದ ಮೊದಲನೇ ಪಾಠದಲ್ಲೇ ಲೆಡ್ ನೈಟ್ರೇಟ್ ಮತ್ತು ಪೊಟ್ಯಾಸಿಯಂ ಅಯೊಡೈಡ್ ಸೇರಿಸಿ ಹಳದಿ ಪ್ರಕ್ಷೇಪ (ನೀರಲ್ಲಿ ಕರಗದೆ ತಳಕ್ಕೆ ಕೂರುವ ಪುಡಿ) ನೋಡುವ ಚಟುವಟಿಕೆ ಇದೆ. ನೋಡಲು ಬಹಳ ಚೆಂದ, ನಾನೂ ಇಷ್ಟಪಟ್ಟು ಮಾಡಿಸುತ್ತಿದ್ದೆ. ಆದರೆ ಅದು ಸೀಸ. ಮಕ್ಕಳ ದೇಹಕ್ಕೆ ಇಷ್ಟು ಸೀಸ ಹೋದರೆ ತೊಂದರೆ ಇಲ್ಲ ಅನ್ನುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪ್ರಯೋಗ ಮುಗಿದ ಮೇಲೆ ಆ ಹಳದಿ ನೀರನ್ನು ಎಲ್ಲಿ ಚೆಲ್ಲುವುದು? ನಮ್ಮಲ್ಲಿ ಸಿಂಕ್‌ನಿಂದ ಹೋದ ನೀರು ಶಾಲೆಯ ಹಿಂದಿನ ಗಿಡಗಳಿಗೆ ಹೋಗುತ್ತದೆ. ಈಗ ಅದನ್ನು ಬಿಟ್ಟು ಮೈಲುತುತ್ತದ ನೀರಿಗೆ ವಾಷಿಂಗ್ ಸೋಡಾ ನೀರು ಹನಿ ಹಾಕಿಸುತ್ತೇನೆ. ನೀಲಿ ಹಸಿರು ಪ್ರಕ್ಷೇಪ ಕಣ್ಣೆದುರೇ ಕೂರುತ್ತದೆ. ದ್ವಿಸ್ಥಾನಪಲ್ಲಟ (ಎರಡು ವಸ್ತುಗಳು ತಮ್ಮ ಭಾಗಗಳನ್ನು ಅದಲುಬದಲು ಮಾಡಿಕೊಳ್ಳುವುದು) ಅಂದರೆ ಏನು ಅನ್ನುವುದು ಹಳದಿಯಷ್ಟೇ ಚೆನ್ನಾಗಿ ನೀಲಿಯಲ್ಲೂ ಗೊತ್ತಾಗುತ್ತದೆ. ಮೈಲುತುತ್ತವೂ ಬಾಯಿಗೆ ಹೋಗಬಾರದ ವಸ್ತುವೇ, ಕೈ ತೊಳೆಸದೆ ಯಾರನ್ನೂ ಊಟಕ್ಕೆ ಬಿಡುವುದಿಲ್ಲ. ಅದಕ್ಕೇ ಪ್ರನಾಳದ ಬದಲು ಪ್ಲಾಸ್ಟಿಕ್ ಹಾಳೆ ಮೇಲೆ ಐದೈದು ಹನಿಯಲ್ಲೇ ಮುಗಿಸುತ್ತೇನೆ. ಒರೆಸಿದ ಕಾಗದ ಒಂದು ಡಬ್ಬಿಗೆ ಹೋಗುತ್ತದೆ. ಲೆಡ್ ನೈಟ್ರೇಟ್ ಕಾಯಿಸಿ ಕಂದು ಹೊಗೆ ನೋಡುವ ಇನ್ನೊಂದು ಚಟುವಟಿಕೆ ಇದೆಯಲ್ಲ, ಅದನ್ನು ಮಾಡಿಸುವುದೇ ಇಲ್ಲ. ಎಕ್ಸಾಸ್ಟ್ ಫ್ಯಾನ್ ಇಲ್ಲದ ಕೋಣೆಯಲ್ಲಿ 62 ಮಕ್ಕಳ ಮಧ್ಯೆ ಆ ಹೊಗೆ ಯಾಕೆ ಬೇಕು?

ಅಂತರುಷ್ಣಕ ಕ್ರಿಯೆಗೆ, ಅಂದರೆ ಶಾಖ ಹೀರಿಕೊಂಡು ತಣ್ಣಗಾಗುವ ಕ್ರಿಯೆಗೆ, ಪುಸ್ತಕದಲ್ಲಿ ಬೇರಿಯಂ ಹೈಡ್ರಾಕ್ಸೈಡ್ ಮತ್ತು ಅಮೋನಿಯಂ ಕ್ಲೋರೈಡ್ ಇದೆ. ಬೇರಿಯಂ ವಿಷ, ಸಿಗುವುದೂ ಕಷ್ಟ. ಅಡುಗೆ ಸೋಡಾ ಮತ್ತು ನಿಂಬೆ ಉಪ್ಪಿನ ನೀರು ಸೇರಿಸಿ ನೋಡಿ, ಲೋಟ ತಣ್ಣಗಾಗುತ್ತದೆ, ಥರ್ಮಾಮೀಟರ್ ಇಳಿಯುವುದು ಕಾಣುತ್ತದೆ. ಒಬ್ಬ ಹುಡುಗಿ ಯೂರಿಯಾ ಕರಗಿಸಿದಾಗಲೂ "ಬಕೀಟು ತಣ್ಣಗ ಆಗ್ತೈತ್ರಿ ಅಕ್ಕೋರೆ" ಅಂದಳು. ನಿಜ. ಆದರೆ ಯೂರಿಯಾ ಬರೀ ಕರಗುತ್ತದೆ, ನೀರು ಆರಿಸಿದರೆ ಯೂರಿಯಾನೇ ವಾಪಸ್ ಸಿಗುತ್ತದೆ. ಸೋಡಾದಲ್ಲಿ ಹೊಸ ವಸ್ತು ಹುಟ್ಟಿದೆ, ಗಾಳಿ ಹೋಗಿದೆ, ಅದು ವಾಪಸ್ ಬರುವುದಿಲ್ಲ. ಈ ವ್ಯತ್ಯಾಸದ ಮೇಲೆ ಅರ್ಧ ಗಂಟೆ ಚರ್ಚೆ ಆಯಿತು. ಬೇರಿಯಂ ಬಾಟಲಿ ಇದ್ದಿದ್ದರೆ ಈ ಮಾತೇ ಬರುತ್ತಿರಲಿಲ್ಲ.

ಎಲ್ಲದಕ್ಕೂ ಬದಲಿ ಇದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಪ್ರಬಲ ಆಮ್ಲಕ್ಕೂ ದುರ್ಬಲ ಆಮ್ಲಕ್ಕೂ ಏನು ವ್ಯತ್ಯಾಸ ಅಂತ ತೋರಿಸಬೇಕಾದರೆ ಒಂದಾದರೂ ಪ್ರಬಲ ಆಮ್ಲ ಬೇಕೇ ಬೇಕು. ನಿಂಬೆ ಉಪ್ಪು, ವಿನೆಗರ್, ಹುಣಸೆ ಎಲ್ಲವೂ ದುರ್ಬಲವೇ. ಸೋಡಿಯಂ ಹೈಡ್ರಾಕ್ಸೈಡ್‌ಗೂ ಅಷ್ಟೇ, ಸುಣ್ಣ ಒಂದು ಮಟ್ಟಿಗೆ ಆಗುತ್ತದೆ, ಪೂರ್ತಿ ಅಲ್ಲ. ಇನ್ನೊಂದು, ಮನೆಯ ವಸ್ತು ಅಂದರೆ ಅಪಾಯ ಇಲ್ಲ ಅನ್ನುವ ಭಾವನೆ ತಪ್ಪು. ಸುಟ್ಟ ಸುಣ್ಣದ ಹರಳಿಗೆ ನೀರು ಹಾಕಿದಾಗ ಅದು ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಅದನ್ನು ನಾನೊಬ್ಬಳೇ ಕನ್ನಡಕ ಹಾಕಿಕೊಂಡು ಮಾಡಿ ತೋರಿಸುತ್ತೇನೆ, ಮಕ್ಕಳು ದೂರ ನಿಲ್ಲುತ್ತಾರೆ.

ಸ್ಪಿರಿಟ್ ಕಥೆಯೂ ಇಂಥದ್ದೇ. ಎಲೆಯ ಪತ್ರಹರಿತ್ತು ತೆಗೆದು ಪಿಷ್ಟ ಇದೆಯಾ ಅಂತ ನೋಡಲು ಆಲ್ಕೋಹಾಲ್ ಬೇಕು. ಸ್ಪಿರಿಟ್ ದೀಪಕ್ಕೂ ಸ್ಪಿರಿಟ್ ಬೇಕು. ಅದಕ್ಕೆ ಅಬಕಾರಿ ನಿಯಮ. ಅದೂ ಸುಮ್ಮನೆ ಬಂದಿದ್ದಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ವಿಷದ ಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು, ಮೆಥನಾಲ್ ಅನ್ನುವ ವಿಷದ ಆಲ್ಕೋಹಾಲ್ ಎಂಥದ್ದು ಅಂತ ನಮ್ಮ ರಾಜ್ಯ ನೋಡಿದೆ. ಹಾಗಾಗಿ ನಾನು ದೀಪದ ಆಸೆ ಬಿಟ್ಟು ಬಿಸಿಯೂಟದ ಅಡುಗೆಕೋಣೆಯಿಂದ ಕುದಿಯುವ ನೀರು ತರಿಸುತ್ತೇನೆ. ಕೊರೋನಾ ಕಾಲದಿಂದ ಎಲ್ಲ ಮೆಡಿಕಲ್‌ನಲ್ಲೂ ಸಿಗುವ ನೀರಿನಂಥ ಸ್ಯಾನಿಟೈಸರ್ (ಜೆಲ್ ಆಗಲ್ಲ) ಪ್ರನಾಳಕ್ಕೆ ಹಾಕಿ, ಮೊದಲೇ ಕುದಿಸಿದ ಎಲೆ ಅದರಲ್ಲಿ ಮುಳುಗಿಸಿ, ಪ್ರನಾಳವನ್ನು ಬಿಸಿನೀರಲ್ಲಿ ನಿಲ್ಲಿಸಿದರೆ ಹಸಿರು ನಿಧಾನಕ್ಕೆ ಇಳಿಯುತ್ತದೆ. ಹತ್ತಿರ ಎಲ್ಲೂ ಬೆಂಕಿ ಇರಬಾರದು. ಆಮೇಲೆ ಗಾಯಕ್ಕೆ ಹಚ್ಚುವ ಬೆಟಾಡಿನ್ ನಾಲ್ಕು ಹನಿ ನೀರಲ್ಲಿ ತೆಳು ಮಾಡಿ ಹಾಕಿದರೆ ಎಲೆ ಕಪ್ಪು ನೀಲಿ ಆಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಎರಡು ಕಡೆ ಸಿಕ್ಕಿಬೀಳುತ್ತೇವೆ. ಒಂದು ದುಡ್ಡು. ಶಾಲಾ ಅನುದಾನದಲ್ಲಿ ಖರ್ಚು ಮಾಡಿದ್ದಕ್ಕೆ ಜಿಎಸ್‌ಟಿ ಬಿಲ್ ಬೇಕು. ಸಂತೆಯ ಸುಣ್ಣಕ್ಕೆ, ನವಸಾಗರಕ್ಕೆ ಯಾರು ಬಿಲ್ ಕೊಡುತ್ತಾರೆ? ಕೈಯಿಂದ ಹಾಕುತ್ತೇವೆ. ಸಣ್ಣ ಮೊತ್ತ, ಬೇಸರ ಇಲ್ಲ. ಆದರೆ ಎಲ್ಲ ಶಿಕ್ಷಕರೂ ಹಾಕಬೇಕು ಅಂತ ನಿರೀಕ್ಷಿಸುವುದು ನ್ಯಾಯ ಅಲ್ಲ. ಇನ್ನೊಂದು ಪರೀಕ್ಷೆ. ಮಕ್ಕಳು ನೋಡಿದ್ದು ನೀಲಿ ಹಸಿರು ಪ್ರಕ್ಷೇಪ, ಪ್ರಶ್ನೆಪತ್ರಿಕೆ ಕೇಳುವುದು ಪುಸ್ತಕದ ಹಳದಿ. ಕೊನೆಗೆ ನಾನೇ ಜನವರಿಯಲ್ಲಿ ಕೂತು "ಹಳದಿ ಅಂತ ಬರೀರಿ" ಅಂತ ಹೇಳಿಕೊಡಬೇಕಾಗುತ್ತದೆ. ಆ ಮಾತು ಹೇಳುವಾಗ ನನ್ನ ಬಾಯಿ ತಡೆಯುತ್ತದೆ. ವರ್ಷವೆಲ್ಲ ಕಣ್ಣಿಂದ ನೋಡಿದ್ದನ್ನೇ ಬರೆಯಿರಿ ಅಂತ ಹೇಳಿದವಳು ನಾನೇ ತಾನೇ? ಪ್ರಶ್ನೆಪತ್ರಿಕೆ ಮಾಡುವವರು, ಉತ್ತರ ತಿದ್ದುವವರು ಮಕ್ಕಳು ತಾವು ಮಾಡಿದ ಯಾವುದೇ ಸರಿಯಾದ ಉದಾಹರಣೆ ಕೊಟ್ಟರೆ ಅಂಕ ಕೊಡಿ ಅಂತ ಒಂದು ಸಾಲಿನ ಸುತ್ತೋಲೆ ಹೊರಡಿಸಿದರೆ ಸಾಕು.

ಇದು ಆಗದ ಮಾತಲ್ಲ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ ಪ್ರಯೋಗ ಮಾಡಿಯೇ ವಿಜ್ಞಾನ ಕಲಿಸುವ ಕಾರ್ಯಕ್ರಮ ಶುರುವಾಯಿತು. ಹಳ್ಳಿಯ ಶಾಲೆಗಳೇ. ಸುತ್ತಮುತ್ತ ಸಿಗುವ ಸಾಮಾನಿನ ಕಿಟ್ ಇತ್ತು, ಶಿಕ್ಷಕರು ಆಗಾಗ ಒಂದು ಕಡೆ ಸೇರಿ ಏನು ಕೆಲಸ ಮಾಡಿತು ಏನು ಮಾಡಲಿಲ್ಲ ಅಂತ ಮಾತಾಡುತ್ತಿದ್ದರು, ಪರೀಕ್ಷೆಯಲ್ಲಿ ಪುಸ್ತಕ ತೆರೆದು ಬರೆಯಬಹುದಿತ್ತು, ಪ್ರಯೋಗಕ್ಕೂ ಅಂಕ ಇತ್ತು. ಅದು ನೂರಾರು ಶಾಲೆಗೆ ಹಬ್ಬಿತು. 2002ರಲ್ಲಿ ಅಲ್ಲಿನ ಸರ್ಕಾರ ನಿಲ್ಲಿಸಿಬಿಟ್ಟಿತು, ಅದು ದುಃಖದ ವಿಷಯ. ಆದರೆ ಮೂವತ್ತು ವರ್ಷ ನಡೆಯಿತು. ಸರಬರಾಜು, ತರಬೇತಿ, ಪರೀಕ್ಷೆ ಮೂರೂ ಒಟ್ಟಿಗೆ ಹೋದಾಗ ಮಾತ್ರ ನಡೆಯುತ್ತದೆ ಅನ್ನುವುದು ಅದರಿಂದ ನನಗೆ ತಿಳಿದದ್ದು. ನಮಗೆ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಇದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಕೋಟಿ ಕೇಳುತ್ತಿಲ್ಲ. ತಾಲ್ಲೂಕಿಗೆ ಒಂದು ಬೀಗ ಇರುವ ಅಲ್ಮೇರಾ, ಅಳತೆ ಜಾಡಿ, ಮೂವತ್ತು ಪ್ಲಾಸ್ಟಿಕ್ ಬಾಟಲಿ, ಒಂದು ರಿಜಿಸ್ಟರ್, ವರ್ಷಕ್ಕೆ ಒಂದು ದಿನದ ತರಬೇತಿ.

ನಮ್ಮ ಮಕ್ಕಳಿಗೆ ರಸಾಯನಶಾಸ್ತ್ರ ದೂರದ ವಿಷಯ ಅಲ್ಲ ಸ್ವಾಮಿ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಅದಿರಿನಿಂದ ಚಿನ್ನ ತೆಗೆಯುತ್ತಾರೆ, ತೋರಣಗಲ್ಲಿನಲ್ಲಿ, ಗಿಣಿಗೇರಾದಲ್ಲಿ ಕಬ್ಬಿಣ ಕರಗುತ್ತದೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿದು ತೊಳೆಯುವ ಕೆಲಸಕ್ಕೆ ನಮ್ಮ ಹಳ್ಳಿಗಳಿಂದ ಎಷ್ಟೋ ಜನ ಹೋಗಿದ್ದಾರೆ. ಜೀನ್ಸ್ ಬಣ್ಣ ಮಂಕು ಮಾಡಲು ಬಳಸುವ ಪರ್ಮ್ಯಾಂಗನೇಟ್ ಹತ್ತನೇ ತರಗತಿಯ ಪುಸ್ತಕದಲ್ಲೇ ಇದೆ. ನಾಳೆ ಇದೇ ಮಕ್ಕಳು ಆ ಡ್ರಮ್ಮುಗಳ ಪಕ್ಕ ನಿಲ್ಲುವವರು. ಲೇಬಲ್ ಓದುವುದು, ಕೈಗವಸು ಹಾಕುವುದು, ಯಾವುದಕ್ಕೆ ಯಾವುದು ಸೇರಿಸಬಾರದು ಅನ್ನುವುದು ಅವರು ಎಲ್ಲಿ ಕಲಿಯಬೇಕು? ಶಾಲೆಯಲ್ಲಿ 5 ಮಿಲಿ ತೆಳು ಆಸಿಡ್ ಎದುರು ನಿಂತಾಗಲೇ ಕಲಿಯಬೇಕು.

ಕೊನೆಗೆ ಒಂದು ಸಹಾಯ ಕೇಳುತ್ತೇನೆ. ನಮ್ಮ ಶಾಲೆಯ ಅಲ್ಮೇರಾದಲ್ಲಿ ನಾನು ಬರುವುದಕ್ಕೂ ಮುಂಚಿನ ಮೂರು ಗಾಜಿನ ಬಾಟಲಿಗಳಿವೆ. ಹೊಗೆಗೆ ಲೇಬಲ್ ಸುಟ್ಟು ಹೋಗಿದೆ, ಒಂದರಲ್ಲಿ 'ಸ' ಅನ್ನುವ ಅಕ್ಷರ ಮಾತ್ರ ಉಳಿದಿದೆ. ಬಿರಡೆ ಕಚ್ಚಿಕೊಂಡಿದೆ. ಬಾಗಿಲಿನ ಕೀಲು ತುಕ್ಕು ಹಿಡಿದು ಉದುರುತ್ತಿದೆ. ತೆಗೆಯಲು ಹೆದರಿಕೆ, ಚೆಲ್ಲಲು ಜಾಗ ಇಲ್ಲ, ಯಾವ ಕಚೇರಿಗೆ ಕೊಡಬೇಕು ಅಂತ ಕೇಳಿದರೆ ಉತ್ತರ ಸಿಕ್ಕಿಲ್ಲ. ಪ್ರತಿ ವರ್ಷ ಚಾರ್ಜ್ ಪಟ್ಟಿಯಲ್ಲಿ 'ಬಾಟಲಿ 3' ಅಂತ ಬರೆದು ಸಹಿ ಹಾಕುತ್ತೇನೆ. ಇಂಥ ಬಾಟಲಿಗಳು ಎಷ್ಟೋ ಶಾಲೆಗಳಲ್ಲಿ ಇವೆ. ತಾಲ್ಲೂಕಿನ ಎಲ್ಲ ಶಾಲೆಗಳಿಂದ ಇವನ್ನು ಒಂದು ದಿನ ಸುರಕ್ಷಿತವಾಗಿ ಒಯ್ಯುವ ವ್ಯವಸ್ಥೆ ಯಾರಾದರೂ ಎಲ್ಲಾದರೂ ಮಾಡಿದ್ದರೆ, ಹೇಗೆ ಮಾಡಿದಿರಿ ಅಂತ ದಯವಿಟ್ಟು ಈ ಅಂಕಣಕ್ಕೇ ಬರೆಯಿರಿ. ನಾನು ಪ್ರತಿ ದಿನ ನೋಡುತ್ತಿರುತ್ತೇನೆ.

ಇಂತಿ,
ಒಬ್ಬ ವಿಜ್ಞಾನ ಶಿಕ್ಷಕಿ
ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ